ತೋಟದಿಂದ ತೋಟಕ್ಕೆ ಸೈಕಲ್: ಮೈಸೂರು ಸೀಮೆ, ಮಲೆನಾಡು, ಆರೋವಿಲ್ - ನಿಮ್ಮ ಗುಂಪಿಗೆ ಯಾವುದು?

ಸಹಜ ಕೃಷಿಯ ತೋಟ, ನಾಟಿ ಬೀಜ ಉಳಿಸುವವರ ಗದ್ದೆ, ಕೈಮಗ್ಗದಲ್ಲಿ ನೇಯುವ ಊರು. ಇವನ್ನೆಲ್ಲ ಗುಂಪು ಕಟ್ಟಿಕೊಂಡು ಸೈಕಲ್ ಮೇಲೆ ನೋಡಿ ಬರಬೇಕು ಅಂತ ಹೊರಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಒಟ್ಟು ಎಷ್ಟು ಕಿಲೋಮೀಟರ್?" ನನ್ನ ಕೇಳಿದರೆ ಅದು ಕೊನೆಯ ಪ್ರಶ್ನೆ. ಹೋದ ಜಾಗದಲ್ಲಿ ಎಷ್ಟು ಹೊತ್ತು ಇರುತ್ತೀರಿ, ಅಲ್ಲಿ ಕೈಗೆ ಏನು ಕೆಲಸ ಸಿಗುತ್ತದೆ ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ದಾರಿಯ ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಕಾರಣ ಸರಳ. ತೋಟದ ಕೆಲಸ ನಡೆಯುವುದು ಬೆಳಿಗ್ಗೆ ಆರರಿಂದ ಹತ್ತರವರೆಗೆ. ಸೈಕಲ್ ತುಳಿಯುವುದಕ್ಕೂ ಅದೇ ಒಳ್ಳೆಯ ಹೊತ್ತು. ದಿನಕ್ಕೆ ಎಂಬತ್ತು ಕಿಲೋಮೀಟರ್ ಇಟ್ಟುಕೊಂಡರೆ ಬೆಳಗ್ಗೆ ಪೂರ್ತಿ ರಸ್ತೆ ಮೇಲೇ ಕಳೆಯುತ್ತದೆ. ಸಂಜೆ ತೋಟ ಮುಟ್ಟುವಾಗ ಕಾಲು ಸೋತಿರುತ್ತದೆ, ತೋಟದವರು ಹಾಲು ಕರೆಯುವ ಗಡಿಬಿಡಿಯಲ್ಲಿರುತ್ತಾರೆ. ಊಟ ಮಾಡಿ ಮಲಗಿ ಬೆಳಿಗ್ಗೆ ಎದ್ದು ಮತ್ತೆ ಹೊರಟರೆ ನೋಡಿದ್ದೇನು? ಹಾಗಾಗಿ ದಿನಕ್ಕೆ ಸರಾಸರಿ 40 ಕಿಲೋಮೀಟರ್ ಸಾಕು. ಒಂದು ದಿನ ತುಳಿದರೆ ಒಂದು ದಿನ ಉಳಿಯುವುದು ಇನ್ನೂ ಒಳ್ಳೆಯದು. ದೂರ ತುಳಿಯುವ ಹುಮ್ಮಸ್ಸು ಇರುವವರಿಗೆ ಬೇರೆ ದಾರಿ ಇದ್ದೇ ಇದೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲ್ಗಿರೀಸ್‌ನಲ್ಲಿ ಎಂಟು ದಿನಕ್ಕೆ ಎಂಟುನೂರು ಕಿಲೋಮೀಟರ್ ಆಸುಪಾಸು ತುಳಿಸುತ್ತಾರೆ. ಅದರ ಮಜಾನೇ ಬೇರೆ.

ದಾರಿಗಿಂತ ಮೊದಲು: ಯಾರು ನಡೆಸುವುದು?

ಮೂರು ರೀತಿ ಇದೆ. ಟೂರ್ ಕಂಪನಿಗೆ ದುಡ್ಡು ಕಟ್ಟಿ ಹೋಗಬಹುದು. ನೀವೇ ಗುಂಪು ಮಾಡಿ ಸಾಮಾನು ಹೊರಲು ಒಂದು ಟಾಟಾ ಏಸ್ ಮಾಡಿಕೊಳ್ಳಬಹುದು. ಇಲ್ಲಾ, ಎಲ್ಲವನ್ನೂ ಸೈಕಲ್ ಮೇಲೆಯೇ ಹೇರಿಕೊಂಡು ಹೋಗಬಹುದು.

ಮೂರನೆಯದಕ್ಕೆ ಯುರೋಪಿನಲ್ಲಿ ಒಂದು ಹಳೇ ಮಾದರಿ ಇದೆ. ಎಕೋಟೋಪಿಯಾ ಬೈಕ್‌ಟೂರ್ ಅಂತ ಹೆಸರು. 1990ರಿಂದ ನಡೆದುಕೊಂಡು ಬಂದಿದೆ. ಬೇರೆ ಬೇರೆ ದೇಶದ ಜನ ಬೇಸಿಗೆಯಲ್ಲಿ ಸೇರಿ, ಪರಿಸರಸ್ನೇಹಿ ತೋಟಗಳು, ಕೂಡಿ ಬಾಳುವ ಸಮುದಾಯಗಳು, ಪರಿಸರ ಹೋರಾಟದ ಜಾಗಗಳ ನಡುವೆ ಸೈಕಲ್ ತುಳಿಯುತ್ತಾರೆ. ಅದಕ್ಕೆ ಲೀಡರ್ ಇಲ್ಲ. ಎಲ್ಲರೂ ದುಂಡಗೆ ಕೂತು, ಎಲ್ಲರೂ ಒಪ್ಪಿದ ಮೇಲೆ ಮುಂದಿನ ತೀರ್ಮಾನ. ಅಡುಗೆ ಸರದಿ ಮೇಲೆ. ಊಟದಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಪಾತ್ರೆ ಪಡಗವನ್ನು ಸೈಕಲ್ ಹಿಂದೆ ಟ್ರೇಲರ್ ಕಟ್ಟಿ ಎಳೆಯುತ್ತಾರೆ.

ಇದನ್ನು ಹಾಗೇ ಇಲ್ಲಿಗೆ ತರಬೇಕಾ? ಬೇಡ ಅನ್ನುತ್ತೇನೆ. ನಮ್ಮ ರಸ್ತೆಯಲ್ಲಿ ಟ್ರೇಲರ್ ಎಳೆಯುವುದು ಹಿಂಸೆ. ಹಿಂದಿನಿಂದ ಬರುವ ಬಸ್ಸಿನವನಿಗೆ ಅದು ಕಾಣುವುದೇ ಇಲ್ಲ. ನಮ್ಮಲ್ಲಿ ಇಪ್ಪತ್ತು ಕಿಲೋಮೀಟರಿಗೊಂದು ಹೋಟೆಲ್, ಊರಿಗೊಂದು ದಿನಸಿ ಅಂಗಡಿ ಇರುವಾಗ ಹಂಡೆ ಹೊತ್ತು ತಿರುಗುವ ಅಗತ್ಯವೂ ಇಲ್ಲ. ಆದರೆ ಸರದಿ ಅಡುಗೆಯನ್ನೂ ದುಂಡಗೆ ಕೂತು ಮಾತಾಡುವುದನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹಾಗೇ ಎಲ್ಲರೂ ಸಾಲಾಗಿ ಒಂದೇ ವೇಗದಲ್ಲಿ ಹೋಗಬೇಕು ಅನ್ನುವ ಹಟ ಬಿಡಿ. ಮುಂದೆ ಹೋದವರು ತಿರುವಿನಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿದರೆ ಹಿಂದಿನವರು ತಮ್ಮ ಪಾಡಿಗೆ ಎಳನೀರು ಕುಡಿದುಕೊಂಡು ಬರುತ್ತಾರೆ.

ಟೂರ್ ಕಂಪನಿಯಲ್ಲಿ ಸುಖ ಇದೆ. ಪಂಕ್ಚರ್ ಆದರೆ ಮೆಕ್ಯಾನಿಕ್ ಬರುತ್ತಾನೆ, ರೂಮು ಮೊದಲೇ ಬುಕ್ ಆಗಿರುತ್ತದೆ. ಆದರೆ ತೋಟ ಅಲ್ಲಿ "ಒಂದೂವರೆ ಗಂಟೆಯ ಭೇಟಿ" ಆಗಿಬಿಡುತ್ತದೆ. ಬುಕ್ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ರಾತ್ರಿ ಉಳಿಯುವುದು ತೋಟದಲ್ಲೋ ರೆಸಾರ್ಟಿನಲ್ಲೋ? ರೆಸಾರ್ಟ್ ಅಂದರೆ ಅದು ಸುಮ್ನೆ ಸೈಕಲ್ ಟೂರ್ ಅಷ್ಟೇ.

ಮೊದಲ ಸಲ ಹೊರಡುವ ಗುಂಪಿಗೆ ಟಾಟಾ ಏಸ್ ದಾರಿಯೇ ಸರಿ. ಎಂಟರಿಂದ ಹನ್ನೆರಡು ಜನ ಇರಲಿ. ಅದಕ್ಕಿಂತ ಜಾಸ್ತಿಯಾದರೆ ಯಾವ ತೋಟದ ಮನೆಯಲ್ಲೂ ಬಚ್ಚಲು ಸಾಲುವುದಿಲ್ಲ.

ಮೈಸೂರು ಸೀಮೆ: ಒಂದರ ಪಕ್ಕ ಒಂದು

ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ನೋಡುವ ಜಾಗಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂದರೆ ಸೈಕಲ್ಲಿಗೆ ಅಂತಲೇ ಜೋಡಿಸಿಟ್ಟ ಹಾಗಿದೆ. ಮೇಲುಕೋಟೆ, ಕಿರುಗಾವಲು, ಬನ್ನೂರು, ಚಾಮರಾಜನಗರ, ಬದನವಾಳು ಸುತ್ತಿ ಮೈಸೂರಿಗೆ ವಾಪಸ್ ಬಂದರೆ ಸುಮಾರು 250 ಕಿಲೋಮೀಟರ್. ಒಂದು ವಾರಕ್ಕೆ ಹದವಾಗಿ ಕೂರುತ್ತದೆ.

ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಇದೆ. ಜಯಪ್ರಕಾಶ್ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿ ಅವರು 1960ರಲ್ಲಿ ಶುರುಮಾಡಿದ್ದು. ಖಾದಿ, ನೈಸರ್ಗಿಕ ಬಣ್ಣ, ಅದರ ಜೊತೆಗೆ 'ಹೊಸ ಜೀವನ ದಾರಿ' ಅನ್ನುವ ಪ್ರಯೋಗ. ಮೈಸೂರಿನಿಂದ 50 ಕಿಲೋಮೀಟರ್. ಜಕ್ಕನಹಳ್ಳಿವರೆಗೆ ಆರಾಮು, ಅಲ್ಲಿಂದ ಬೆಟ್ಟದ ಏರು. ಗೇರ್ ಇಲ್ಲದ ಸೈಕಲ್ಲಿನವರು ಇಳಿದು ತಳ್ಳಬೇಕಾಗುತ್ತದೆ. ವೈರಮುಡಿ ಉತ್ಸವದ ದಿನಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ, ಆ ಕಡೆ ತಲೆ ಹಾಕಬೇಡಿ. ಉಳಿಯಲು ಜಾಗವೇ ಸಿಗಲ್ಲ.

ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಭತ್ತದ ಗದ್ದೆ. ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ, ಮನೆಯಲ್ಲಿ ಭತ್ತದ ಮ್ಯೂಸಿಯಂ ಇದೆ. ನೂರಕ್ಕೂ ಹೆಚ್ಚು ಬಗೆಯ ಮಾವು ಇರುವ ಹಳೇ ತೋಟ ಬೇರೆ. ಈ ಒಂದು ಜಾಗಕ್ಕೋಸ್ಕರ ಪ್ರವಾಸದ ತಿಂಗಳನ್ನೇ ಬದಲಾಯಿಸಬಹುದು. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ತೆನೆ ಬಲಿಯುವ ಹೊತ್ತಿಗೆ ಹೋದರೆ ಗದ್ದೆ ಒಂದೇ ಬಣ್ಣದಲ್ಲಿ ಇರುವುದಿಲ್ಲ. ಒಂದು ಪಟ್ಟಿ ಕಪ್ಪು ಹೊಟ್ಟಿನದು, ಪಕ್ಕದ್ದು ಕೆಂಪು, ಅದರಾಚೆಯದಕ್ಕೆ ತೆನೆ ತುಂಬ ಉದ್ದ ಮೀಸೆ. ಎದೆಯೆತ್ತರ ಬೆಳೆದ ತಳಿಯ ಮಗ್ಗುಲಲ್ಲೇ ಮಂಡಿಯೆತ್ತರದ ತಳಿ ನಿಂತಿರುತ್ತದೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಅಂತ ಹೆಸರು ಕೇಳಿದ್ದೀವಲ್ಲ, ಅವು ಗಿಡದಲ್ಲಿ ಹೇಗಿರುತ್ತವೆ ಅಂತ ನೋಡುವುದು ಇಲ್ಲಿ. ಜನವರಿಯಲ್ಲಿ ಹೋದರೆ ಮ್ಯೂಸಿಯಂ ಇರುತ್ತದೆ, ಗದ್ದೆಯಲ್ಲಿ ಕೂಳೆ ಮಾತ್ರ.

ಅಲ್ಲಿಂದ ಬನ್ನೂರು ಕೂಗಳತೆ ಅಲ್ಲದಿದ್ದರೂ ಒಂದು ಗಂಟೆಯ ದಾರಿ. ಬನ್ನೂರು ಕುರಿಗೆ ಹೆಸರಾದ ಊರು. ಕೃಷ್ಣಪ್ಪನವರ ಹೆಸರಿನಿಂದ ಗೊತ್ತಿರುವ ಸಹಜ ಕೃಷಿ ತೋಟವೂ ಇಲ್ಲೇ. ತೆಂಗು, ಬಾಳೆ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ಅಂತ ಮಹಡಿ ಮಹಡಿಯಾಗಿ ಬೆಳೆ ಕೂರಿಸುವುದು ಹೇಗೆ ಅಂತ ಕಣ್ಣಾರೆ ಕಾಣುತ್ತದೆ.

ಕೈಕೆಸರು ಮಾಡಿಕೊಳ್ಳಬೇಕು ಅನ್ನುವವರಿಗೆ ಚಾಮರಾಜನಗರದ ಹತ್ತಿರ ಹೊಂಡರಬಾಳಿನ ಅಮೃತಭೂಮಿ. ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿ ಅವರ ಕನಸಿನಿಂದ ಹುಟ್ಟಿದ ಕೇಂದ್ರ. ರೈತರಿಗೆ ತರಬೇತಿ ಕೊಡುವ ಜಾಗ ಆದ್ದರಿಂದ ಗುಂಪು ಬಂದರೆ ಗಾಬರಿಯಾಗುವುದಿಲ್ಲ. ಊಟ, ವಸತಿಗೆ ಮೊದಲೇ ಮಾತಾಡಿಕೊಂಡು ಹೋಗಿ. ಜೀವಾಮೃತ, ಅಂದರೆ ಸಹಜ ಕೃಷಿಯವರು ಮಣ್ಣಿಗೆ ಹಾಕುವ ನೀರುಗೊಬ್ಬರ, ಮಾಡುವುದನ್ನು ಕಲಿಯಬೇಕಾದರೆ ಇಂಥ ಜಾಗವೇ ಸರಿ. 200 ಲೀಟರ್ ನೀರಿನ ಡ್ರಮ್ಮಿಗೆ ಹತ್ತು ಕೆಜಿ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ಓದಿದರೆ ಎರಡು ಸಾಲು. ಗಂಟಾಗದ ಹಾಗೆ ಸಗಣಿ ಕಲಸಲು ಕೂತರೆ ಮೊಣಕೈವರೆಗೆ ಮುಳುಗಬೇಕು. ಗುಂಪಿನಲ್ಲಿ ಯಾರು ಯಾಕೆ ಬಂದಿದ್ದಾರೆ ಅಂತ ಗೊತ್ತಾಗುವುದೂ ಆಗಲೇ.

ಬದನವಾಳನ್ನು ಬಿಡಬೇಡಿ. ನಂಜನಗೂಡಿನಿಂದ ಚಾಮರಾಜನಗರದ ದಾರಿಯಲ್ಲೇ ಸಿಗುತ್ತದೆ. 1927ರಲ್ಲಿ ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಮಾಡಿದ್ದೂ ಇಲ್ಲೇ. ಹಾಗೇ 1993ರಲ್ಲಿ ದಲಿತರ ಕೊಲೆ ನಡೆದ ಊರೂ ಇದೇ. ಸ್ವಾವಲಂಬಿ ಹಳ್ಳಿ ಅಂತ ಮಾತಾಡುವಾಗ ಆ ಹಳ್ಳಿಯಲ್ಲಿ ಯಾರ ಮನೆ ಎಲ್ಲಿದೆ, ನೀರು ಯಾರಿಗೆ ಹೇಗೆ ಸಿಗುತ್ತದೆ ಅಂತಲೂ ಕೇಳಬೇಕು, ಅಲ್ವಾ?

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್‌ಗಳಿಗೆ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯಲ್ಲಿ ತುಳಿಯುವುದಕ್ಕಿಂತ ಕನಕಪುರ, ಮಳವಳ್ಳಿ ಮೇಲೆ ಬನ್ನಿ. ಆ ದಾರಿ ನೇರ ಕಿರುಗಾವಲಿಗೇ ತಂದು ಬಿಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಈ ಸೀಮೆಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ. ವಾಹನ ಓಡಾಡಿ ಒಕ್ಕಣೆ ಆಗಲಿ ಅಂತ. ಕಾರಿಗೆ ಅದು ಲೆಕ್ಕಕ್ಕಿಲ್ಲ, ಸೈಕಲ್ಲಿಗೆ ಜಾರುತ್ತದೆ. ಹುರುಳಿ ಬಳ್ಳಿಯಂತೂ ಚೈನಿಗೆ ಸುತ್ತಿ, ಹಿಂದಿನ ಗೇರಿನೊಳಗೆ ಸಿಕ್ಕಿ, ಬಿಡಿಸಲು ಅರ್ಧ ಗಂಟೆ ತಿನ್ನುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ವಾಸಿ. ಹಾಗೆ ಇಳಿದಾಗ ರಾಗಿ ತೂರುತ್ತಿರುವ ಅಮ್ಮ ಖಂಡಿತ ಕೇಳುತ್ತಾಳೆ, "ಯಾವೂರ್ ಕಡೆಯೋರಪ್ಪಾ?" ಅಂತ.

ಮಲೆನಾಡು: ಜಾಗ ಕಡಿಮೆ, ಆಳ ಜಾಸ್ತಿ

ಸಾಗರ, ಹೆಗ್ಗೋಡು, ಸಿದ್ದಾಪುರ, ಶಿರಸಿ. ಸಾಗರದಿಂದ ಶಿರಸಿಗೆ 70 ಕಿಲೋಮೀಟರ್ ಆಸುಪಾಸು ಅಷ್ಟೇ. ಆದರೆ ಬಯಲುಸೀಮೆಯ ಎಪ್ಪತ್ತಕ್ಕೆ ಇದನ್ನು ಹೋಲಿಸಬೇಡಿ. ಒಂದು ಏರು, ಒಂದು ಇಳಿಜಾರು, ಮತ್ತೆ ಏರು. ಗೇರ್ ಇಲ್ಲದ ಸೈಕಲ್ ಇಲ್ಲಿಗೆ ತರಬೇಡಿ.

ಹೆಗ್ಗೋಡು ಅಂದಕೂಡಲೇ ನೀನಾಸಂ ನೆನಪಾಗುತ್ತದೆ. ನಮ್ಮ ಪ್ರವಾಸಕ್ಕೆ ಅದಕ್ಕಿಂತ ಮುಖ್ಯ ಪಕ್ಕದ ಭೀಮನಕೋಣೆಯ ಚರಕ. 1996ರಲ್ಲಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಶುರುವಾದ ಮಹಿಳೆಯರ ಸಹಕಾರ ಸಂಘ. ಕೈಮಗ್ಗದ ಬಟ್ಟೆಗೆ ಇಲ್ಲಿ ಹಾಕುವ ಕಂದುಗೆಂಪು ಬಣ್ಣ ಬರುವುದು ಅಡಿಕೆ ಚೊಗರಿನಿಂದ. ಅಡಿಕೆ ಬೇಯಿಸಿದಾಗ ಉಳಿಯುವ ನೀರು ಅದು. ಒಂದು ಮನೆಯ ಹಂಡೆಯಲ್ಲಿ ಉಳಿದದ್ದು ಇನ್ನೊಬ್ಬರ ಸೀರೆಯ ಬಣ್ಣ ಆಗುತ್ತದೆ. ಸ್ವಾವಲಂಬನೆ ಅನ್ನುವುದು ಒಂದು ತೋಟದೊಳಗೆ ಮುಗಿಯುವ ವಿಷಯ ಅಲ್ಲ, ಒಂದು ಸೀಮೆಯೊಳಗೆ ಕೈಯಿಂದ ಕೈಗೆ ಸಾಗುವಂಥದ್ದು ಅಂತ ಇಲ್ಲಿ ಅರ್ಥ ಆಗುವಷ್ಟು ಬೇರೆಲ್ಲೂ ಆಗುವುದಿಲ್ಲ. ಅದು ಸುಲಭ ಅಂತಲೂ ತಿಳಿಯಬೇಡಿ. 2020ರಲ್ಲಿ ಚರಕ ದೊಡ್ಡ ಹಣದ ಬಿಕ್ಕಟ್ಟಿಗೆ ಸಿಕ್ಕಿತ್ತು. ಆ ಕಥೆಯನ್ನೂ ಅವರ ಬಾಯಿಂದಲೇ ಕೇಳಿ.

ಶಿರಸಿಯಲ್ಲಿ ವನಸ್ತ್ರೀ ಇದೆ. 2001ರಿಂದ ಮಲೆನಾಡಿನ ಹೆಣ್ಣುಮಕ್ಕಳು ಮನೆ ಹಿತ್ತಲಿನ ತರಕಾರಿ ಬೀಜಗಳನ್ನು ಉಳಿಸಿ ಹಂಚುವ ಗುಂಪು. ಅಡಿಕೆ ತೋಟದ ಮನೆಯೊಂದರಲ್ಲಿ ಎರಡು ದಿನ ಉಳಿಯುವ ಏರ್ಪಾಟು ಆದರೆ ಸೊಪ್ಪಿನ ಬೆಟ್ಟ ನೋಡಿ. ತೋಟಕ್ಕೆ ಬೇಕಾದ ಸೊಪ್ಪು, ದರಗು (ಉದುರಿದ ಒಣ ಎಲೆ) ತರಲು ಬಿಟ್ಟುಕೊಟ್ಟ ಕಾಡು ಅದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. "ಸಾವಯವ ಅಂದ್ರೆ ಗೊಬ್ಬರ ಹೊರಗಿಂದ ತರಲ್ಲ" ಅಂತ ಹೇಳುವವರಿಗೆ ಈ ಒಂದಕ್ಕೆ ಒಂಬತ್ತರ ಲೆಕ್ಕ ತೋರಿಸಿ. ಗೊಬ್ಬರ ಎಲ್ಲಿಂದಲೋ ಬರಲೇಬೇಕು.

ಡಿಸೆಂಬರ್ ಹೊತ್ತಿಗೆ ಹೋದರೆ ಅಡಿಕೆ ಸುಲಿಯುವ ಕಾಲ. ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ನಿಮಗೂ ಒಂದು ಕೊಡುತ್ತಾರೆ. ಅವರು ಒಂದು ಡಬ್ಬ ತುಂಬುವಷ್ಟರಲ್ಲಿ ನಿಮ್ಮದು ತಳವೂ ಮುಚ್ಚಿರುವುದಿಲ್ಲ, ಪರವಾಗಿಲ್ಲ. ತೋಟದ ಲೆಕ್ಕಾಚಾರ, ಕೊಳೆರೋಗ, ಕೆಲಸಕ್ಕೆ ಜನ ಸಿಗದ ಕಷ್ಟ ಎಲ್ಲ ಹೊರಬರುವುದು ಆ ಜಗಲಿಯಲ್ಲೇ. ಹಗಲಿನ ತೋಟದ ಸುತ್ತಾಟದಲ್ಲಿ ಈ ಮಾತು ಯಾರೂ ಆಡುವುದಿಲ್ಲ.

ತೊಡಕು ಇರುವುದೂ ಇದೇ ಕಾಲದಲ್ಲಿ. ಮಂಗನ ಕಾಯಿಲೆ ಹರಡುವುದು ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ. ಉಣ್ಣೆ ಹುಳದಿಂದ ಬರುತ್ತದೆ. 2019ರ ಆಸುಪಾಸಿನಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಜೀವಗಳೇ ಹೋದವು. ಹಾಗಾಗಿ ಕಾಡಂಚಿನಲ್ಲಿ ಟೆಂಟ್ ಹಾಕುವ ಯೋಚನೆ ಬಿಟ್ಟುಬಿಡಿ. ದರಗಿನ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಆ ವರ್ಷ ಯಾವ ಊರಿನಲ್ಲಿ ಕಾಯಿಲೆ ಕಂಡಿದೆ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಂಡೇ ದಾರಿ ಗಟ್ಟಿ ಮಾಡಿ. ಇದಕ್ಕೆಲ್ಲ ತಯಾರಿಲ್ಲ ಅಂದರೆ ಅಕ್ಟೋಬರ್ ಕೊನೆ, ನವೆಂಬರ್ ಶುರು ಒಳ್ಳೆಯದು. ಮಳೆ ಮುಗಿದಿರುತ್ತದೆ, ಹಸಿರು ಇರುತ್ತದೆ, ಅಡಿಕೆ ಸುಲಿತ ಮಾತ್ರ ಪೂರ್ತಿ ಕಾವೇರಿರುವುದಿಲ್ಲ.

ಆರೋವಿಲ್: ದೂರದ್ದು, ಬೇರೆಯದ್ದು

ಬೇರೆ ಬೇರೆ ದೇಶದ ಜನ ಕೂಡಿ ಬಾಳುವ ಊರು. ಪುದುಚೇರಿಯ ಪಕ್ಕ, ತಮಿಳುನಾಡಿನಲ್ಲಿದೆ. 1968ರ ಫೆಬ್ರವರಿ 28ರಂದು ಶುರುವಾಯಿತು. ಆಗ ಅದು ಮಳೆಗೆ ಕೊಚ್ಚಿಹೋದ ಕೆಂಪು ಮಣ್ಣಿನ ಬೋಳು ದಿಣ್ಣೆ. ಬದು ಹಾಕಿ, ನೀರು ಇಂಗಿಸಿ, ಗಿಡ ನೆಟ್ಟು ಕಾಡು ಎಬ್ಬಿಸಿದ್ದಾರೆ. ಹಾಳುಬಿದ್ದ ನೆಲವನ್ನು ಮತ್ತೆ ಹೇಗೆ ಎತ್ತುವುದು ಅನ್ನುವುದೇ ನಿಮ್ಮ ಗುಂಪಿನ ಪ್ರಶ್ನೆಯಾದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ.

ಬೆಂಗಳೂರಿನಿಂದ ಪೂರ್ತಿ ತುಳಿಯುವ ಚಟ ಬೇಡ. ಹೊಸೂರು, ಕೃಷ್ಣಗಿರಿ ಹೆದ್ದಾರಿಯಲ್ಲಿ ಲಾರಿ ಬಿಟ್ಟರೆ ನೋಡುವುದೇನೂ ಇಲ್ಲ. ತಿರುವಣ್ಣಾಮಲೈವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಜಿಂಜಿ ಕೋಟೆ ನೋಡಿಕೊಂಡು ನೂರು ಕಿಲೋಮೀಟರ್ ಎರಡು-ಮೂರು ದಿನದಲ್ಲಿ ತುಳಿಯಿರಿ. ಸಪಾಟು ರಸ್ತೆ. ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಟ್ಯೂಬು ಜಾಸ್ತಿ ಇಟ್ಟುಕೊಳ್ಳಿ.

ಒಳಗೆ ನೋಡಲು ಬೇಕಾದಷ್ಟಿದೆ. ಸಾಲಿಟ್ಯೂಡ್ ಫಾರ್ಮ್ 1996ರಿಂದ ಜಪಾನಿನ ಸಹಜ ಕೃಷಿಕ ಫುಕುವೋಕಾ ಅವರ ದಾರಿಯಲ್ಲಿ ನಡೆದಿದೆ. ಅಲ್ಲೇ ಬೆಳೆದದ್ದನ್ನು ಅಲ್ಲೇ ಬಡಿಸುತ್ತಾರೆ. ಬುದ್ಧ ಗಾರ್ಡನ್‌ನಲ್ಲಿ ಬೆಳಗಿನ ಕೆಲಸಕ್ಕೆ ಹೊರಗಿನವರೂ ಕೈ ಹಾಕಬಹುದು. 2003ರಲ್ಲಿ ಶುರುವಾದ ಸಾಧನಾ ಫಾರೆಸ್ಟ್‌ನಲ್ಲಿ ಬೀಡಿ, ಸಿಗರೇಟು, ಮದ್ಯ, ಹಾಲು ಯಾವುದೂ ನಡೆಯದು. ಕಾಫಿ ಇಲ್ಲದೆ ಏಳದವರು ಮೊದಲೇ ಯೋಚಿಸಿ. ಸೋಲಾರ್ ಕಿಚನ್ ಛಾವಣಿಯ ಮೇಲಿನ 15 ಮೀಟರ್ ಅಗಲದ ಬೋಗುಣಿ ಬಿಸಿಲಿನಿಂದ ಹಬೆ ಮಾಡಿ ಅನ್ನ ಬೇಯಿಸಲು ಕಟ್ಟಿದ್ದು.

ಸ್ವಾವಲಂಬಿಯಾ? ಪೂರ್ತಿ ಅಲ್ಲ. ತಿನ್ನುವುದರಲ್ಲಿ ಅವರೇ ಬೆಳೆಯುವುದು ಒಂದು ಸಣ್ಣ ಪಾಲು. ಮಿಕ್ಕಿದ್ದು ಹೊರಗಿನಿಂದ ಬರುತ್ತದೆ. ಸುತ್ತಲಿನ ಹಳ್ಳಿಗಳಿಂದ ಕೆಲಸಕ್ಕೆ ಬರುವವರ ಜೊತೆಯೂ ಒಂದು ಮಾತಾಡಿ, ಆಗ ಚಿತ್ರ ಪೂರ್ತಿಯಾಗುತ್ತದೆ. ಹಾಗೇ 2021ರ ಕೊನೆಯಲ್ಲಿ ಕ್ರೌನ್ ರಸ್ತೆಗೆ, ಅಂದರೆ ಊರಿನೊಳಗಿನ ವರ್ತುಲ ರಸ್ತೆಗೆ, ಮರ ಕಡಿದಾಗಿನಿಂದ ಒಳಗೆ ಎರಡು ಪಕ್ಷ ಆಗಿದೆ. ಅತಿಥಿಯಾಗಿ ಹೋದವರು ಕೇಳಿಸಿಕೊಳ್ಳಿ, ಪಂಚಾಯ್ತಿ ಮಾಡಲು ಹೋಗಬೇಡಿ.

ಕಾಲ: ಜನವರಿ, ಫೆಬ್ರವರಿ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆ ಮತ್ತು ಚಂಡಮಾರುತದ ಕಾಲ, ಏಪ್ರಿಲ್ ಆದಮೇಲೆ ಬಿಸಿಲು ಸಹಿಸಲಾಗದು. ಆ ಎರಡು ತಿಂಗಳಲ್ಲೇ ಎಲ್ಲರೂ ಬರುವುದರಿಂದ ಗೆಸ್ಟ್‌ಹೌಸ್ ಬೇಗ ತುಂಬುತ್ತವೆ.

ಹಾಗಾದ್ರೆ ಯಾವುದು?

ಮೊದಲ ಸಲದ ಗುಂಪು, ಮಕ್ಕಳು ಮರಿ, ಗೇರ್ ಇಲ್ಲದ ಸೈಕಲ್ ಇದ್ದರೆ ಯೋಚನೆಯೇ ಬೇಡ, ಮೈಸೂರು ಸೀಮೆ. ಯಾರಿಗಾದರೂ ಸುಸ್ತಾದರೆ ಬಸ್ಸು ಸಿಗುತ್ತದೆ, ಒಂದು ಜಾಗ ತಪ್ಪಿದರೆ ಇನ್ನೊಂದಿದೆ. ಈಗಾಗಲೇ ಒಂದೆರಡು ಕಡೆ ಸುತ್ತಿದವರು, ನಾಲ್ಕೈದು ಜನರ ಸಣ್ಣ ಗುಂಪು ಆದರೆ ಮಲೆನಾಡು. ಹನ್ನೆರಡು ಜನರನ್ನು ಒಂದು ತೋಟದ ಮನೆಗೆ ಹೇರುವುದು ಸರಿಯಲ್ಲ. ಗುಂಪಿನಲ್ಲಿ ಕನ್ನಡ ಬಾರದವರು ಜಾಸ್ತಿ ಇದ್ದರೆ, ಇಲ್ಲಾ ಪಾಳು ಜಮೀನು ಕೊಂಡು ಏನು ಮಾಡುವುದು ಅಂತ ತಲೆ ಕೆರೆದುಕೊಳ್ಳುವವರಿದ್ದರೆ ಆರೋವಿಲ್. ನನ್ನ ಒಲವು ಎತ್ತ ಅಂದರೆ ಮೈಸೂರು ಸೀಮೆಯೇ, ಅದೂ ನವೆಂಬರ್‌ನಲ್ಲಿ.

ಯಾವುದೇ ಆಗಲಿ, ಫೋನ್ ಮಾಡುವಾಗ "ನಿಮ್ಮ ತೋಟ ನೋಡೋಕೆ ಬರ್ತೀವಿ" ಅನ್ನಬೇಡಿ. "ಅಣ್ಣ, ಹತ್ತು ಜನ ಇದ್ದೀವಿ. ಆ ವಾರ ಬೆಳಿಗ್ಗೆ ನಿಮ್ಮ ಜೊತೆ ಏನ್ ಕೆಲಸ ಇರುತ್ತೆ? ಊಟಕ್ಕೆ, ಉಳಿಯೋಕೆ ಎಷ್ಟು ಕೊಡಬೇಕು?" ಅಂತ ನೇರ ಕೇಳಿ. ದುಡ್ಡಿನ ಮಾತು ತೆಗೆಯಲು ತೋಟದವರಿಗೆ ಸಂಕೋಚ. ನೀವೇ ತೆಗೆಯಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ, ಸ್ನಾನದ ವ್ಯವಸ್ಥೆ ಹೇಗಿದೆ ಅಂತ ಅದೇ ಫೋನಿನಲ್ಲಿ ವಿಚಾರಿಸಿ. ದಾರಿಯ ಮಧ್ಯೆ ಪೆಟ್ರೋಲ್ ಬಂಕ್ ಎಲ್ಲೆಲ್ಲಿದೆ ಅಂತ ಗುರುತು ಹಾಕಿಟ್ಟುಕೊಳ್ಳಿ, ಶೌಚಾಲಯಕ್ಕೆ ಅದೇ ಗತಿ.

ಸೈಕಲ್ ರೈಲಿನಲ್ಲಿ ಸಾಗಿಸುವವರು ಪಾರ್ಸೆಲ್ ಕಚೇರಿಗೆ ಸಾಕಷ್ಟು ಮೊದಲೇ ಹೋಗಿ. ಟಿಕೆಟ್ ತೋರಿಸಿ ಲಗೇಜಾಗಿ ಬುಕ್ ಮಾಡಿಸಿ. ಹೆಸರು, ಫೋನ್ ನಂಬರ್, ಇಳಿಯುವ ಸ್ಟೇಷನ್ ಬರೆದ ರಟ್ಟನ್ನು ಫ್ರೇಮಿಗೆ ಎರಡು ಕಡೆ ಕಟ್ಟಿ. ಪಂಪು, ಲೈಟು, ಬಾಟಲಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಇಳಿಯುವ ಸ್ಟೇಷನ್ನಿನಲ್ಲಿ ರೈಲು ಎರಡೇ ನಿಮಿಷ ನಿಲ್ಲುವುದಾದರೆ ಹತ್ತು ಸೈಕಲ್ ಇಳಿಸಲು ಆಗುವುದಿಲ್ಲ. ಪಾರ್ಸೆಲ್ ಇಳಿಸುವ ದೊಡ್ಡ ಸ್ಟೇಷನ್ನಿಗೇ ಬುಕ್ ಮಾಡಿ, ಅಲ್ಲಿಂದ ತುಳಿಯಿರಿ.